ಮಗಳ ಸಮ ಕೊಬ್ಬರಿ

ಹೆಂಗಸರ ವಯಸ್ಸು, ಗಂಡಸರ ಸಂಬಳ ಕೇಳಬಾರದು ಅಂತಾರೆ. ನನ್ನ ವಯಸ್ಸು ಬೇಕಾದರೆ ಕೇಳಿ, ಬೇಜಾರಿಲ್ಲ. ಸಂಬಳವನ್ನೂ ಕೇಳಿ, ಅದು ಹೇಳಿಕೊಂಡು ನಗುವಷ್ಟೇ ಇತ್ತು. ತೂಕ ಮಾತ್ರ ಕೇಳಬೇಡಿ. ಕೇಳಿಯೇ ತೀರ್ತೀನಿ ಅನ್ನೋದಾದರೆ ಯಾವ ಗ್ರಹದ ತೂಕ ಅಂತ ಮೊದಲು ಹೇಳಿ. ನಾನು ಟೀಚರ್ ಕೆಲಸದಲ್ಲಿದ್ದಾಗ ಚಂದ್ರನ ಮೇಲೆ ಹದಿಮೂರು ಕೆಜಿ ಇದ್ದೆ. ಮಂಗಳನಲ್ಲಿ ಮೂವತ್ತಕ್ಕೆ ಒಂದಿಷ್ಟು ಕಮ್ಮಿ, ಬುಧನಲ್ಲೂ ಅಷ್ಟೇ. ಚಂದ್ರನಲ್ಲಿ ತೂಕ ಆರನೇ ಒಂದು ಪಾಲು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ, ಭೂಮಿಯ ಲೆಕ್ಕ ನೀವೇ ಹಾಕಿಕೊಳ್ಳಿ. ತೂಕವನ್ನ ಕೆಜಿಯಲ್ಲಿ ಹೇಳೋದು ಶಾಸ್ತ್ರಕ್ಕೆ ತಪ್ಪು ಅಂತ ಫಿಸಿಕ್ಸ್ ಓದಿದವರು ಮೂಗು ಮುರೀಬಹುದು. ಮುರೀಲಿ ಬಿಡಿ, ಸಂತೆಯಲ್ಲಿ ಯಾರೂ ನ್ಯೂಟನ್ ಲೆಕ್ಕದಲ್ಲಿ ಈರುಳ್ಳಿ ಕೊಳ್ಳೋದಿಲ್ಲ.

ಅಜ್ಜಂಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತಿದ್ದೆ. ಮನೆ ಕಡೂರು. ಎಪ್ಪತ್ತರ ದಶಕದ ಮಾತು ಇದು. ಬೆಳಿಗ್ಗೆ ಕಡೂರಲ್ಲಿ ರೈಲು ಹತ್ತಿದರೆ ಬೀರೂರಲ್ಲಿ ಇಂಜಿನ್ನು ಹೊಟ್ಟೆ ತುಂಬ ನೀರು ಕುಡಿಯೋ ತನಕ ಕಾಯಬೇಕು. ಆ ಪ್ಲಾಟ್‌ಫಾರಮ್ಮಿನಲ್ಲಿ ಒಂದು ತೂಕದ ಮಿಷನ್ ಇತ್ತು. ಮೇಲೆ ನಿಂತು ನಾಣ್ಯ ಹಾಕಿದರೆ ಒಳಗೆ ಬಣ್ಣದ ಚಕ್ರ ಗಿರಗಿರ ತಿರುಗಿ, ಕಟಕ್ ಅಂತ ಒಂದು ರಟ್ಟಿನ ಚೀಟಿ ಉಗುಳುತ್ತಿತ್ತು. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದು ಮಗ್ಗುಲಲ್ಲಿ ಭವಿಷ್ಯ. ನನ್ನ ಗ್ರಹಚಾರಕ್ಕೆ ತೂಕ ಯಾವಾಗಲೂ ಸರಿ, ಭವಿಷ್ಯ ಯಾವಾಗಲೂ ಸುಳ್ಳು. 'ನೀವು ಶೀಘ್ರದಲ್ಲೇ ಎತ್ತರಕ್ಕೆ ಏರುವಿರಿ' ಅಂತ ಬಂದ ದಿನ ಶಾಲೆಯ ಮೆಟ್ಟಿಲು ಹತ್ತಿ ಏದುಸಿರು ಬಿಟ್ಟದ್ದೇ ಬಂತು.

ನಮ್ಮ ಭಾಷೆಯೂ ತೂಕದ ವಿಚಾರದಲ್ಲಿ ಎರಡು ನಾಲಿಗೆಯದು. ಮನುಷ್ಯ ತೂಕದವನಾಗಿರಬೇಕು, ಮಾತಿಗೆ ತೂಕ ಇರಬೇಕು, ಯಾರನ್ನೂ ಹಗುರವಾಗಿ ಕಾಣಬಾರದು, ಬಾಯಿಗೆ ಬಂದಂತೆ ಹಗುರವಾಗಿ ಆಡಬಾರದು. ಇಷ್ಟೆಲ್ಲ ಹೇಳಿ ತೂಕವನ್ನ ಅಟ್ಟಕ್ಕೇರಿಸಿದ ಅದೇ ಜನ ಹೆಣ್ಣು ನೋಡೋಕೆ ಬಂದಾಗ ಮಾತ್ರ ಹಗುರವಾದದ್ದನ್ನೇ ಹುಡುಕುತ್ತಾರೆ. ಮಾತು ತೂಕವಾಗಿದ್ದು ಮೈ ಹಗುರ ಇರಬೇಕು. ನನಗೆ ಎರಡೂ ಉಲ್ಟಾ.

ವಿಜ್ಞಾನ ಓದಿದ್ದರಿಂದ ಒಂದು ಉಪಕಾರ ಆಯ್ತು. ತೂಕ ಅನ್ನೋದು ನನ್ನ ಸ್ವಂತ ಗಳಿಕೆ ಅಲ್ಲ, ನಿಂತ ನೆಲ ನನ್ನನ್ನ ಎಳೆಯೋ ಬಲ ಅದು ಅಂತ ತಿಳೀತು. ಅಂದರೆ ತಪ್ಪು ನನ್ನದಲ್ಲ ಕಣ್ರೀ, ಭೂಮಿಯದು! ಈ ಜ್ಞಾನೋದಯ ಆದ ದಿನ ಧೈರ್ಯವಾಗಿ ಎರಡು ಮಸಾಲೆ ದೋಸೆ ತಿಂದೆ. ಆಮೇಲೆ ಒಂದೊಂದೇ ಗ್ರಹ ಹೊಕ್ಕು ಬಂದೆ. ಪಂಚಾಂಗ ಹೇಳೋದಕ್ಕೂ ಪಠ್ಯಪುಸ್ತಕ ಹೇಳೋದಕ್ಕೂ ಅಜಗಜಾಂತರ. ಶನಿ ಹೆಗಲೇರಿದ ಅಂದರೆ ಮನೆಮಂದಿಯೆಲ್ಲ ನಡುಗುತ್ತಾರೆ. ಪುಸ್ತಕ ತೆಗೆದು ನೋಡಿದರೆ ಶನಿಯ ಮೇಲೆ ನಮ್ಮ ತೂಕ ಹೆಚ್ಚುಕಮ್ಮಿ ಇಲ್ಲಿಯಷ್ಟೇ. ನಿಲ್ಲೋಕೆ ಅಲ್ಲಿ ಗಟ್ಟಿ ನೆಲ ಇಲ್ಲ, ಅದು ಬೇರೆ ಮಾತು. ಶುಕ್ರದೆಸೆ ಶುಕ್ರದೆಸೆ ಅಂತ ಬಾಯಿ ಬಿಡ್ತೀವಿ, ಶುಕ್ರ ನನಗೆ ಬಿಟ್ಟುಕೊಡೋದು ಹತ್ತರಲ್ಲಿ ಒಂದು ಪಾಲು, ಬಟ್ಟೆ ಅಂಗಡಿ ರಿಯಾಯಿತಿ ಅಷ್ಟೇ. ಹೆಣ್ಣುಮಕ್ಕಳ ಜಾತಕ ಕೆಡಿಸ್ತಾನೆ ಅಂತ ಬೈಸಿಕೊಳ್ಳೋ ಕುಜನೇ ಧಾರಾಳಿ, ಅರ್ಧಕ್ಕಿಂತ ಜಾಸ್ತಿ ಇಳಿಸಿಬಿಡ್ತಾನೆ. ರಾಹು ಕೇತುಗಳ ಸುದ್ದಿ ಬೇಡ, ಅವರ ಮೇಲೆ ಕಾಲಿಡೋಕೇ ಜಾಗ ಇಲ್ಲ.

ಇನ್ನು ಗುರು. ಗುರು ಅಂದರೇ ಭಾರ. ಪಕ್ಕದ ಕ್ಲಾಸಿನಲ್ಲಿ ಕನ್ನಡ ಪಂಡಿತರು ಛಂದಸ್ಸಿನ ಪಾಠ ಮಾಡ್ತಾ ಬೋರ್ಡಿನ ಮೇಲೆ ಗುರು ಲಘು ಅಂತ ಗುರುತು ಹಾಕುವಾಗ ಮಕ್ಕಳು ಕಿಟಕಿಯಾಚೆ ನನ್ನ ಕಡೆ ನೋಡಿ ಕಿಸಿಕಿಸಿ ಅನ್ನುತ್ತಿದ್ದರು. ಆ ಗುರುಗ್ರಹದಲ್ಲಿ ನನ್ನ ತೂಕ ಇಲ್ಲಿಗಿಂತ ಎರಡೂವರೆ ಪಟ್ಟು. ಹೆಣ್ಣಿಗೆ ಕಂಕಣ ಕೂಡಿ ಬರಬೇಕಾದರೆ ಯಾವ ಬಲ ಬೇಕು? ಗುರುಬಲ! ಇದಕ್ಕಿಂತ ಕುಚೋದ್ಯ ಉಂಟೇ, ನೀವೇ ಹೇಳಿ.

ಗುರುತ್ವಾಕರ್ಷಣೆಯ ಪಾಠ ಬಂದಾಗ ಉದಾಹರಣೆಗೆ ನಾನೇ ನಿಲ್ಲುತ್ತಿದ್ದೆ. ಮಕ್ಕಳು ಹೇಗೂ ನಗ್ತಾರೆ, ಕದ್ದು ನಗೋ ಬದಲು ಎದುರಿಗೇ ನಗಲಿ, ನಗುವಿನ ಜೊತೆ ಒಂದು ಸೂತ್ರವೂ ತಲೆಗೆ ಇಳಿಯಲಿ ಅಂತ. ಒಂದು ಸಲ ಕಿರಾಣಿ ಅಂಗಡಿಯವರ ಮಗಳೊಬ್ಬಳು ಎದ್ದು ನಿಂತು ಕೇಳಿದಳು. "ಟೀಚರ್, ಚಂದ್ರನಲ್ಲಿ ಅಂಗಡಿ ಇಟ್ರೆ ಒಂದು ಕೆಜಿ ಅಂತ ಗಿರಾಕಿಗೆ ಜಾಸ್ತಿ ಸಕ್ಕರೆ ಹೋಗ್ಬಿಡುತ್ತಾ?" ನಾನೂ ವ್ಯಾಪಾರಸ್ಥರ ಮಗಳೇ, ಪ್ರಶ್ನೆ ಕೇಳಿ ಜೀವ ತಂಪಾಯ್ತು. ಅದು ಎಂಥ ತಕ್ಕಡಿ ಅನ್ನೋದರ ಮೇಲೆ ಹೋಗುತ್ತಮ್ಮ ಅಂದೆ. ಸ್ಪ್ರಿಂಗಿನ ತಕ್ಕಡಿಯಾದರೆ ಅಂಗಡಿಗೆ ಬೀಗ ಹಾಕಬೇಕು. ಮುಳ್ಳು ಒಂದು ಕೆಜಿ ತೋರಿಸೋ ಹೊತ್ತಿಗೆ ಆರು ಕೆಜಿ ಸಕ್ಕರೆ ಸುರಿದಿರುತ್ತೆ. ಎರಡು ತಟ್ಟೆಯ ಹಳೇ ತಕ್ಕಡಿಯಾದರೆ ಚಿಂತೆ ಇಲ್ಲ. ಈ ತಟ್ಟೆಯ ಸಕ್ಕರೆ ಎಷ್ಟು ಹಗುರ ಆಯ್ತೋ ಆ ತಟ್ಟೆಯ ತೂಕದ ಬಟ್ಟೂ ಅಷ್ಟೇ ಹಗುರ ಆಗಿರುತ್ತೆ. ಚಂದ್ರನಿಗಾದರೂ ಹೋಗು, ಗುರುವಿಗಾದರೂ ಹೋಗು, ಆ ತಕ್ಕಡಿಯಲ್ಲಿ ತೂಗಿದ ಸಕ್ಕರೆ ಒಂದು ಹರಳೂ ಆಚೀಚೆ ಆಗೋದಿಲ್ಲ. "ಹಂಗಾದ್ರೆ ಹಳೇದನ್ನ ಮಾರಬ್ಯಾಡ ಅಂತ ನಮ್ಮಪ್ಪಂಗೆ ಹೇಳ್ತೀನಿ" ಅಂದು ಕೂತಳು.

ಎತ್ತರಕ್ಕೆ ಹೋದರೂ ತೂಕ ಇಳಿಯುತ್ತೆ ಅಂತ ಬಾಯಿತಪ್ಪಿ ಹೇಳಿದ್ದಕ್ಕೆ ಮಕ್ಕಳು ಕೆಮ್ಮಣ್ಣುಗುಂಡಿಗೆ ಪ್ರವಾಸ ಹೋಗೋಣ ಅಂತ ಹಟ ಹಿಡಿದರು. ಹೋದೆವು. ತರೀಕೆರೆ ದಾಟಿ ಲಿಂಗದಹಳ್ಳಿ ದಾಟಿ ಏರು ಶುರುವಾದ ಮೇಲೆ ಬಸ್ಸು ನರಳಿದ ನರಳಾಟಕ್ಕೆ ಎಲ್ಲರೂ ನನ್ನನ್ನೇ ನೋಡಿದರು. ತುದಿಗೆ ಹೋಗಿ ಕೂತು ಲೆಕ್ಕ ಮಾಡಿದೆವು. ಕಡೂರಿಗಿಂತ ಅಲ್ಲಿ ನಾನು ಎರಡು ಅಡಿಕೆಯಷ್ಟು ಹಗುರ. ಮಕ್ಕಳ ಬುತ್ತಿಯಿಂದ ಒಂದೊಂದು ಹಿಡಿ ಪುಳಿಯೋಗರೆ ತಿಂದದ್ದು ಎಷ್ಟು ಅಡಿಕೆ ಅಂತ ಮಾತ್ರ ಯಾರೂ ಲೆಕ್ಕ ಮಾಡಲಿಲ್ಲ.

ಇಷ್ಟೆಲ್ಲ ಗ್ರಹ ಸುತ್ತಿ ಬಂದವಳಿಗೆ ಒಂದೇ ಒಂದು ತಕ್ಕಡಿ ಕಂಡರೆ ಭಯ. ಅದು ಕಡೂರಲ್ಲಿ ನಮ್ಮಪ್ಪನ ಕೊಬ್ಬರಿ ಮಂಡಿಯ ತಕ್ಕಡಿ. ತೊಲೆಗೆ ತೂಗುಹಾಕಿದ ಕಬ್ಬಿಣದ ದಂಡ, ಎರಡು ಕಡೆ ಸರಪಳಿ, ಸರಪಳಿಗೆ ಅಗಲವಾದ ಹಲಗೆಯ ತಟ್ಟೆ. ಚಿಕ್ಕವಳಿದ್ದಾಗ ಅದೇ ನನ್ನ ಉಯ್ಯಾಲೆ. ಅಪ್ಪ ಆ ಕಡೆ ಬಟ್ಟು ಇಟ್ಟು, "ಈ ವರ್ಷ ಫಸಲು ಚೆನ್ನಾಗೈತೆ ಕಣಪ್ಪಾ" ಅಂತ ಹಮಾಲರಿಗೆಲ್ಲ ಕೇಳೋ ಹಾಗೆ ಹೇಳ್ತಿದ್ದ. ದೊಡ್ಡವಳಾದ ವರ್ಷ ಅದರಿಂದ ಇಳಿದವಳು ಮತ್ತೆ ಹತ್ತಿರಲಿಲ್ಲ. ಆದರೆ ಇನ್ನೊಂದು ಸಲ ಹತ್ತಲೇಬೇಕು ಅಂತ ನಾನು ಹುಟ್ಟಿದ ವಾರವೇ ತೀರ್ಮಾನ ಆಗಿಹೋಗಿತ್ತು.

ನಾನು ಹುಟ್ಟಿದ್ದು ಅವ್ವನ ತವರಲ್ಲಿ, ಶಿವನಿ ಸ್ಟೇಷನ್ನಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಹೋಗಬೇಕಾದ ಒಂದು ಹಳ್ಳಿ. ತಿಂಗಳು ತುಂಬದ ಕೂಸು. ಅಳೋಕೂ ತ್ರಾಣ ಇರಲಿಲ್ಲವಂತೆ. ಹತ್ತಿಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿ, ಬಟ್ಟೆಯ ಬತ್ತಿ ಅದ್ದಿ ಹಾಲು ಹನಿಸುತ್ತಿದ್ದರಂತೆ. ನೋಡೋಕೆ ಬಂದವರು ಕೂಸಿನ ಮುಖ ನೋಡಿ, ಅವ್ವನ ಮುಖ ನೋಡಲಾರದೆ ಎದ್ದು ಹೋಗುತ್ತಿದ್ದರಂತೆ. ಆಗ ಅವ್ವ ಊರ ವೀರಭದ್ರಸ್ವಾಮಿಗೆ ಹರಕೆ ಹೊತ್ತಳು. "ಸ್ವಾಮಿ, ಇವಳನ್ನ ಉಳಿಸಿಕೊಡು. ಮದುವೆಗೆ ಮುಂಚೆ ನಿನ್ನ ಮುಂದೆ ಮಗಳ ಸಮ ಕೊಬ್ಬರಿ ತೂಗಿಸ್ತೀನಿ."

ಆ ಕೂಸು ಎರಡು ಸೇರು ಇದ್ದಾಗಲೇ ತೂಗಿಸಿಬಿಟ್ಟಿದ್ದರೆ ಹರಕೆ ಒಂದು ಚೀಲದ ಮೂಲೆಯಲ್ಲಿ ಮುಗಿದು ಹೋಗ್ತಿತ್ತು. ಅಪ್ಪ ವ್ಯಾಪಾರಸ್ಥ ನೋಡಿ, "ಈಗ ಧಾರಣೆ ಏರ್ಬಿಟ್ಟಿದೆ, ಇಳೀಲಿ ತಡಿಯೇ" ಅಂದ. ಧಾರಣೆ ಇಳಿದ ವರ್ಷ ಅವ್ವನಿಗೆ ಕಾಯಿಲೆ. ಅವ್ವ ಚೇತರಿಸಿಕೊಂಡ ವರ್ಷ ಅಜ್ಜ ತೀರಿಕೊಂಡ. ಹೀಗೇ ಮುಂದಕ್ಕೆ ಹೋಯ್ತು. ಕೊಬ್ಬರಿ ಧಾರಣೆಯಾದರೂ ಏರುತ್ತೆ ಇಳಿಯುತ್ತೆ, ನಾನು ಏರಿದ್ದೇ ಏರಿದ್ದು.

ನನಗೆ ಇಪ್ಪತ್ತೇಳು ತುಂಬೋ ಹೊತ್ತಿಗೆ ನನ್ನನ್ನ ನೋಡಿ ಉಪ್ಪಿಟ್ಟು ತಿಂದು ಹೋದ ಗಂಡುಗಳಿಂದ ಒಂದು ರೈಲು ಬೋಗಿ ತುಂಬಿಸಬಹುದಿತ್ತು. ಎಲ್ಲರೂ ಮರ್ಯಾದಸ್ಥರೇ, "ಊರಿಗೆ ಹೋಗಿ ಕಾಗದ ಹಾಕ್ತೀವಿ" ಅನ್ನುತ್ತಿದ್ದರು. ಅವರ ಊರುಗಳಲ್ಲಿ ಪೋಸ್ಟಾಫೀಸೇ ಇರಲಿಲ್ಲವೋ ಏನೋ. ತರೀಕೆರೆ ಕಡೆಯ ಒಂದು ಗಂಡಿನ ತಾಯಿ ಮಾತ್ರ ಬಾಗಿಲಲ್ಲೇ ನಿಂತು, "ಹುಡುಗಿ ಗುಣವಂತೆ ಕಣ್ರೀ, ಆದ್ರೆ ನಮ್ಮ ಹುಡುಗನ ಪಕ್ಕ ನಿಂತ್ರೆ ಅವನ ಅಕ್ಕ ಇದ್ದಂಗೆ ಕಾಣ್ತಾಳೆ" ಅಂದರು. ಒಳಗೆ ಲೋಟ ತೊಳೀತಿದ್ದ ನನಗೆ ಕೇಳಿಸಿತು. ಮೊದಲು ನಗು ಬಂತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಅದನ್ನ ಯಾಕೆ ಮುಚ್ಚಿಡಲಿ, ದಪ್ಪ ಇದ್ದವರ ಚರ್ಮವೂ ದಪ್ಪ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಅವ್ವ ಮಠದ ಅಯ್ಯನೋರ ಹತ್ತಿರ ಹೋದಳು. ಅವರು ಪಂಚಾಂಗ ತಿರುವಿ, "ಗುರುಬಲ ಈಗಷ್ಟೇ ಬಂದಿದೆ ತಾಯಿ. ಈ ವರ್ಷ ದಾಟಿದರೆ ಮತ್ತೆ ಕಾಯಬೇಕಾಗುತ್ತೆ. ದೇವರದ್ದೇನಾದ್ರೂ ಬಾಕಿ ಉಳಿದಿದೆಯಾ?" ಅಂದರಂತೆ. ಅವ್ವ ಅಲ್ಲೇ ಬೆಚ್ಚಿಬಿದ್ದಳಂತೆ. ಮನೆಗೆ ಬಂದವಳೇ, "ಬರೋ ಸೋಮವಾರ ಹೋಗಿ ತೂಗಿಸ್ಕೊಂಡು ಬಂದ್ಬಿಡೋಣ ಕಣೇ" ಅಂದಳು.

ನಾನು ಬರಲ್ಲ ಅಂದೆ. ಬರೀ ಅಷ್ಟೇ ಅಂದಿದ್ದರೆ ಸರಿಹೋಗ್ತಿತ್ತು, ನನ್ನ ನಾಲಿಗೆಯದು ಗುರುಗ್ರಹದ ತೂಕ. "ಊರ ಜನದ ಮುಂದೆ ಕೊಬ್ಬರಿ ಮೂಟೆ ಥರ ತಟ್ಟೇಲಿ ಕೂರಬೇಕಾ? ಇನ್ನೊಂದು ಚೀಲ ತಾರೋ, ಸಾಲ್ದು, ಇನ್ನೊಂದು ತಾರೋ ಅಂತ ಕೂಗೋದು, ಜನ ಹಲ್ಲು ಕಿಸಿಯೋದು, ಅದನ್ನ ನಾನು ನೋಡ್ಬೇಕಾ? ಬೇಕಾದ್ರೆ ಚಂದ್ರನಿಗೆ ಕಳಿಸವ್ವ, ಅಲ್ಲಿ ತೂಗಿಸ್ಕೊಂಡು ಬತ್ತೀನಿ" ಅಂತ ಒಂದೇ ಉಸಿರಿಗೆ ಎಗರಾಡಿದೆ. ಅವ್ವ ಬೈಯಲಿಲ್ಲ. "ಆಯ್ತು ಬಿಡವ್ವ. ನಿಂಗೆ ಮನಸಿಲ್ದೆ ಕೂರಿಸಿದ್ರೆ ದೇವರಿಗೂ ಬ್ಯಾಡ" ಅಂದು ಮೊರ ಹಿಡಿದು ಅಕ್ಕಿ ಆರಿಸೋಕೆ ಕೂತಳು. ಬೈದಿದ್ದರೆ ನಾನು ಗೆಲ್ಲುತ್ತಿದ್ದೆ. ಸುಮ್ಮನಿರೋರ ಹತ್ತಿರ ಜಗಳ ಆಡಿ ಗೆದ್ದವರು ಯಾರಿದ್ದಾರೆ?

ಅವ್ವನ ಮೇಲೆ ದೂರು ಹೇಳೋಕೆ ಅಂತಲೇ ಮಂಡಿಗೆ ಹೋದೆ. ಅಪ್ಪ ಒಂದು ಕೊಬ್ಬರಿ ಗಿಟುಕನ್ನ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿ ನೋಡ್ತಿದ್ದ. ಚೆನ್ನಾಗಿ ಒಣಗಿದ್ದರೆ ಒಂದು ಸದ್ದು, ಒಳಗೆ ಪಸೆ ಇದ್ದರೆ ಇನ್ನೊಂದು. ನನ್ನ ದೂರನ್ನೆಲ್ಲ ಹಾಗೇ ತಟ್ಟಿಕೊಂಡು ಕೇಳಿ, ಕೊನೆಗೆ ಕೇಳಿದ.

"ನಿಮ್ಮವ್ವ ಕೊಬ್ಬರಿ ತಿಂದಿದ್ದು ನೋಡಿದ್ದೀಯೇನೇ?"

"ಅವ್ವಂಗೆ ಆಗಲ್ವಲ್ಲಪ್ಪ, ಕೆಮ್ಮು ಬರುತ್ತೆ."

ಅಪ್ಪ ನಕ್ಕುಬಿಟ್ಟ. "ಆಗಲ್ವಾ? ಕೊಬ್ಬರಿ ಮಂಡಿ ಇರೋ ಮನೆ ಅಂತ ಕೇಳೇ ನನ್ನ ಒಪ್ಪಿಕೊಂಡೋಳು ಕಣೇ ಅವಳು. ನನ್ನ ಮುಖ ಎಲ್ಲಿ ನೋಡಿದ್ಲು? ಹೊಸದ್ರಲ್ಲಿ ಯಾವಾಗ ನೋಡು ಮಡಿಲಲ್ಲಿ ಬೆಲ್ಲ ಕೊಬ್ಬರಿ. ಹರಕೆ ಹೊತ್ತ ದಿನ ಬಿಟ್ಲು. ತೀರೋ ತನಕ ಬಾಯಿಗೆ ಹಾಕಲ್ಲ ಅಂತ ಮಾತು ಕೊಟ್ಟವ್ಳೆ."

ನಾನು ಮೂಟೆಯ ಮೇಲೆ ಕೂತೆ. ಸಂಕ್ರಾಂತಿ ಕಣ್ಣ ಮುಂದೆ ಬಂತು. ಎಳ್ಳು ಬೀರೋಕೆ ಅಂತ ತಟ್ಟೆ ತುಂಬ ಕೊಬ್ಬರಿ ಸಣ್ಣಗೆ ಹೆಚ್ಚುತ್ತಿದ್ದ ಅವ್ವ, ತನ್ನ ಪಾಲಿನ ಎಳ್ಳಿನಿಂದ ಕೊಬ್ಬರಿ ಚೂರುಗಳನ್ನ ಒಂದೊಂದಾಗಿ ಆರಿಸಿ ನನ್ನ ಅಂಗೈಗೆ ಹಾಕುತ್ತಿದ್ದಳು. ನಾನು ಕೈ ಒಡ್ಡಿ ನಿಂತು ಮುಕ್ಕುತ್ತಿದ್ದೆ. ಕೊಬ್ಬರಿಯಲ್ಲೇ ಮುಳುಗಿದ ಮನೆಯಲ್ಲಿ ಇಪ್ಪತ್ತೇಳು ವರ್ಷ ಒಂದು ಚೂರು ಬಾಯಿಗೆ ಹಾಕದೆ ಕಳೆದಿದ್ದಾಳೆ ಈ ಮಹಾತಾಯಿ! ನನ್ನ ಈ ಮೈಯಲ್ಲಿ ಅವ್ವನ ಪಾಲಿನ ಕೊಬ್ಬರಿ ಎಷ್ಟಿದೆಯೋ ಅಂತ ಅನ್ನಿಸಿತು.

"ಮೊದಲೇ ಯಾಕಪ್ಪ ಹೇಳ್ಲಿಲ್ಲ?"

"ಹೇಳಬ್ಯಾಡಿ ಅಂದಿದ್ಲು. ಗೊತ್ತಾದ್ರೆ ಮನಸಿಲ್ದೆ ಕೂತ್ಕೋತಾಳೆ, ಅದು ಬಲವಂತ ಆಗುತ್ತೆ ಅಂತ. ಈಗ ನಾನು ಹೇಳ್ದೆ ಅಂತ ನೀನು ಹೇಳಬ್ಯಾಡ."

ಮನೆಗೆ ಬಂದು, "ಸೋಮವಾರ ರಜ ಹಾಕ್ತೀನವ್ವ. ಶಿವನಿ ಕಡೆ ಹೋಗಿ ಬಹಳ ದಿನ ಆಯ್ತು" ಅಂದೆ. ಅವ್ವ ತಲೆ ಎತ್ತಲಿಲ್ಲ. "ಹೂಂ" ಅಂದು, ಮೊರದಲ್ಲಿ ಕಲ್ಲು ಉಳಿಸಿಕೊಂಡು ಅಕ್ಕಿ ಕಾಳನ್ನ ಆಚೆಗೆ ಎಸೆದಳು.

ಕಡೂರು ಸ್ಟೇಷನ್ನಿನಲ್ಲಿ ನಮ್ಮ ಲಗೇಜು ನೋಡಿ ಲಗೇಜು ಗುಮಾಸ್ತರು ಕನ್ನಡಕ ಮೇಲೇರಿಸಿದರು. ಕೊಬ್ಬರಿ ಚೀಲಗಳು, ಜೊತೆಗೆ ದಂಡ ಸರಪಳಿ ಸಮೇತ ತಕ್ಕಡಿ. ತವರಿನ ಗುಡಿಯಲ್ಲಿ ಅಷ್ಟು ದೊಡ್ಡ ತಕ್ಕಡಿ ಇರಲಿಲ್ಲ, ಇದ್ದಿದ್ದರೂ ಅಪ್ಪ ಬೇರೆಯವರ ತಕ್ಕಡಿ ನಂಬೋನಲ್ಲ. "ತಕ್ಕಡೀನೂ ತೂಗ್ಬೇಕು ಕಣ್ರೀ, ರೂಲ್ಸು" ಅಂದರು ಗುಮಾಸ್ತರು. ಊರನ್ನೆಲ್ಲ ತೂಗಿದ ತನ್ನ ತಕ್ಕಡಿಯನ್ನ ಇನ್ನೊಬ್ಬರು ಎತ್ತಿ ತೂಗೋದು ನೋಡಲಾರದೆ ಅಪ್ಪ ಆ ಕಡೆ ಮುಖ ತಿರುಗಿಸಿ ನಿಂತ. ಕೊಬ್ಬರಿಯನ್ನ ಅಪ್ಪ ಮಂಡಿಯಲ್ಲಿ ತೂಗಿ ತಂದಿರಲಿಲ್ಲ, ಕಣ್ಣಂದಾಜಿನಲ್ಲೇ ತುಂಬಿಸಿದ್ದ. ಕೇಳಿದ್ದಕ್ಕೆ, "ನನ್ನ ಮಗಳು ಎಷ್ಟವ್ಳೆ ಅಂತ ನಂಗೊತ್ತಿಲ್ವಾ? ಮೇಲೊಂದು ಹಿಡಿ ಜಾಸ್ತೀನೇ ಹಾಕಿದ್ದೀನಿ" ಅಂದ. ಕಣ್ಣಂದಾಜು ಅಪ್ಪನ ಹೆಮ್ಮೆ. ದೂರದಿಂದ ಮೂಟೆ ನೋಡಿ ತೂಕ ಹೇಳಿದರೆ ತಕ್ಕಡಿ ಹೂಂ ಅನ್ನಬೇಕಿತ್ತು.

ಹಿಂದಿನ ರಾತ್ರಿ ಅವ್ವನ ತವರಲ್ಲಿ ತಂಗಿ, ಹರಕೆಯ ದಿನ ಬೆಳಿಗ್ಗೆ ನಾನು ಉಪವಾಸ ಇರೋ ಲೆಕ್ಕದಲ್ಲಿದ್ದೆ. ಭಕ್ತಿಯಿಂದ ಅಂದುಕೊಂಡಿರಾ? ಅರ್ಧ ಕೆಜಿಯಾದರೂ ಇಳಿಯಲಿ ಅಂತ. ಅವ್ವ ಬಿಡಬೇಕಲ್ಲ! "ಖಾಲಿ ಹೊಟ್ಟೇಲಿ ಕೂತ್ರೆ ದೇವರಿಗೆ ತೂಕದಲ್ಲಿ ಮೋಸ ಮಾಡ್ದಂಗಾಗುತ್ತೆ" ಅಂತ ಅಕ್ಕಿರೊಟ್ಟಿ ಮೇಲೆ ರೊಟ್ಟಿ, ಅದರ ಮೇಲೆ ಬೆಣ್ಣೆ, ಕೊನೆಗೆ ದೊಡ್ಡ ಲೋಟದ ತುಂಬ ಹಾಲು. ಲೋಕದಲ್ಲಿ ತೂಗೋಕೆ ಮುಂಚೆ ತಿನ್ನಿಸಿದವಳು ನಮ್ಮವ್ವ ಒಬ್ಬಳೇ ಇರಬೇಕು. ಅಂತೂ ಗುಡಿಯ ಮುಂದಿನ ತೊಲೆಗೆ ತಕ್ಕಡಿ ಕಟ್ಟಿದರು. ಅವ್ವನ ತವರಿನ ಹೆಂಗಸರು ಗಂಡಸರು ಸುತ್ತ ನಿಂತರು. ನಾನು ದೇವರಿಗೆ ಕೈಮುಗಿದು ತಟ್ಟೆಯಲ್ಲಿ ಕೂತೆ. ತಟ್ಟೆ ಸರಪಳಿ ಗಲಗಲ ಅನ್ನಿಸಿ ನೆಲಕ್ಕೆ ಕೂತಿತು.

ಚೀಲಗಳು ಬಂದವು. ಒಂದು ಬಂತು, ಎರಡು ಬಂತು, ಅಪ್ಪನ ಆ 'ಮೇಲೊಂದು ಹಿಡಿ'ಯೂ ಬಂತು. ನನ್ನ ತಟ್ಟೆ ಅಲ್ಲಾಡಿತೇ ಹೊರತು ಮೇಲೆ ಏಳಲಿಲ್ಲ. ಕೊಬ್ಬರಿ ಮುಗಿದಿತ್ತು. ಅಪ್ಪ ನನ್ನನ್ನ ನೋಡಿದ, ತಟ್ಟೆ ನೋಡಿದ, ಅವ್ವನನ್ನ ನೋಡಿದ.

"ಏನು ತಿನ್ಸಿದ್ದೀಯೇ ಬೆಳಿಗ್ಗೆ?"

"ನಾಕೇ ರೊಟ್ಟಿ ಕಣ್ರೀ. ಚಿಕ್ಕವು."

ಗುಂಪಿನಲ್ಲಿ ನಗು ಎದ್ದಿತು. ನಾನು ಯಾವುದಕ್ಕೆ ಹೆದರಿ ಎಗರಾಡಿದ್ದೆನೋ ಅದೇ ಆಯ್ತು. ಒಬ್ಬರು, "ಹಣ್ಣುಕಾಯಿದು ಎರಡು ತೆಂಗಿನಕಾಯಿ ಇಟ್ಬಿಡ್ರಪ್ಪ, ಸರಿಹೋಗುತ್ತೆ" ಅಂದರು. ಅಪ್ಪನಿಗೆ ರೇಗಿತು. "ಕಾಯಲ್ಲಿ ನೀರಿರುತ್ತೆ. ನೀರು ತೂಗಿ ಕೊಬ್ಬರಿ ಅನ್ನೋ ವ್ಯಾಪಾರ ಗಿರಾಕಿಗೇ ಮಾಡಿಲ್ಲ, ದೇವರಿಗೆ ಮಾಡ್ಲಾ?" ಇನ್ನೊಬ್ಬರು, "ಆ ಕೈಗಡಿಯಾರ ಬಿಚ್ಚವ್ವ" ಅಂದರು. ಬಿಚ್ಚಿಕೊಟ್ಟೆ. ಗಡಿಯಾರ ಹೋಗಿದ್ದು ತಕ್ಕಡಿಗೆ ಗೊತ್ತೇ ಆಗಲಿಲ್ಲ. ತುಳಸಿ ದಳಕ್ಕೆ ತಟ್ಟೆ ಏಳೋದೆಲ್ಲ ಪುರಾಣದವರಿಗೆ, ಅಜ್ಜಂಪುರದ ಟೀಚರಿಗಲ್ಲ.

ನಾನು ಕಣ್ಣು ಮುಚ್ಚಿ ರೂಢಿಯಂತೆ ಚಂದ್ರನಿಗೆ ಓಡಿಹೋದೆ. ಹದಿಮೂರು ಕೆಜಿ, ಹದಿಮೂರು ಕೆಜಿ ಅಂತ ಜಪ ಮಾಡ್ತಾ ಕೂತೆ. ಆಗ ಆ ಕಿರಾಣಿ ಅಂಗಡಿ ಹುಡುಗಿಗೆ ಹೇಳಿದ ಪಾಠ ನನಗೇ ಬಂದು ಬಡಿಯಿತು. ಅಯ್ಯೋ ದಡ್ಡಿ, ಇದು ಎರಡು ತಟ್ಟೆಯ ತಕ್ಕಡಿ! ಇದನ್ನ ಚಂದ್ರನಲ್ಲಿ ಕಟ್ಟಿದರೂ ಇಷ್ಟೇ ಕೊಬ್ಬರಿ ಬೇಕು, ಗುರುವಿನಲ್ಲಿ ಕಟ್ಟಿದರೂ ಇಷ್ಟೇ. ಬೀರೂರಿನ ಮಿಷನ್ನಿನ ಸ್ಪ್ರಿಂಗು ಗ್ರಹ ಗ್ರಹಕ್ಕೂ ಮಾತು ಬದಲಾಯಿಸುತ್ತೆ, ಅಪ್ಪನ ತಕ್ಕಡಿ ಬದಲಾಯಿಸಲ್ಲ. ಅವ್ವ ಹರಕೆ ಹೊರುವಾಗ ಮಗಳ ತೂಕ ಅಂತ ಅಂದೇ ಇರಲಿಲ್ಲ. ಮಗಳ ಸಮ ಅಂದಿದ್ದಳು. ಸಮ ಅನ್ನೋದಕ್ಕೆ ಗ್ರಹ ಯಾವುದಾದರೇನು? ಮೊರದಲ್ಲಿದ್ದ ಎರಡು ಸೇರಿನ ಕೂಸಿಗೂ ಸಮ, ನಾಕು ರೊಟ್ಟಿ ತಿಂದ ಈ ಗಜಗಮನೆಗೂ ಸಮ. ಇಷ್ಟಿರಬೇಕು, ಇಷ್ಟಿರಬಾರದು ಅಂತ ಅವಳು ಯಾವತ್ತೂ ಕೇಳಿರಲಿಲ್ಲ.

ಕಣ್ಣು ಬಿಟ್ಟಾಗ ಸುತ್ತಲಿದ್ದ ಹೆಂಗಸರು ಅರ್ಧ ಖಾಲಿ. ಮನೆಗೆ ಹೋಗಿದ್ದರು. ಒಬ್ಬೊಬ್ಬರೇ ವಾಪಸು ಬಂದರು, ಸೆರಗಿನಲ್ಲಿ ಒಂದೊಂದು ಗಿಟುಕು. "ನಮ್ಮನೇದೊಂದು" ಅಂತ ಆ ತಟ್ಟೆಗೆ ಹಾಕೋರು, ಈ ತಟ್ಟೆಯ ಹತ್ತಿರ ಬಂದು ನನ್ನ ಕೆನ್ನೆ ಸವರಿ ನೆಟಿಗೆ ಮುರಿಯೋರು. ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಬಂದವಳು ಈರಜ್ಜಿ. ನಾನು ಹುಟ್ಟಿದಾಗ ಹೊಕ್ಕಳುಬಳ್ಳಿ ಕತ್ತರಿಸಿದವಳು. ನನ್ನ ತೋಳನ್ನ ಹಿಡಿದು ಹಿಸುಕಿ ನೋಡಿದಳು.

"ಇವಳೇನ್ರೇ ಆ ಬೆಕ್ಕಿನ ಮರಿ? ಅಯ್ಯೋ ನಮ್ಮವ್ವ! ಮೊರದಾಗೆ ಎಲ್ಲವ್ಳೆ ಅಂತ ಹುಡುಕಬೇಕಿತ್ತು ಕಣ್ರೇ ಇವಳನ್ನ. ಬೆಳಗಾದ್ರೆ ಇರ್ತಾಳೋ ಇಲ್ವೋ ಅಂತಿದ್ವಿ. ಈಗ ನೋಡ್ರೇ, ತಟ್ಟೇನೇ ಏಳ್ತಾ ಇಲ್ಲ!"

ಮತ್ತೆ ಎಲ್ಲರೂ ನಕ್ಕರು. ಈ ಸಲ ಅವರ ಮುಖ ನೋಡಿದೆ. ವಯಸ್ಸಾದ ಹೆಂಗಸರು ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಂದು ಅವ್ವನ ಮುಖ ನೋಡಲಾರದೆ ಎದ್ದು ಹೋದವರು ಇವರೇ ಇರಬೇಕು. ಆ ಕೂಸು ಉಳೀತಲ್ಲ, ಇಷ್ಟೊಂದು ಉಳೀತಲ್ಲ ಅಂತ ಅವರಿಗೆ ಸಂತೋಷ. ನನ್ನ ತೂಕ ನೋಡಿ ಯಾರಾದರೂ ಸಂತೋಷ ಪಟ್ಟದ್ದು ಜೀವನದಲ್ಲಿ ಅದೇ ಮೊದಲು. ನನಗೂ ನಗು ಬಂತು, ನಗ್ತಾ ನಗ್ತಾ ಮೂಗು ಕಟ್ಟಿತು. ಈರಜ್ಜಿ ತನ್ನ ಮಡಿಲಿನ ಗಿಟುಕು ತೆಗೆದು ಆ ಕಡೆ ಹಾಕಿದಳು. ನನ್ನ ತಟ್ಟೆ ಸಣ್ಣಗೆ ಕಿರ್ರೆಂದು ನೆಲ ಬಿಟ್ಟಿತು. ದಂಡದ ಮುಳ್ಳು ನಡುವೆ ಬಂದು ನಿಂತಿತು. "ಸಮ!" ಅಂತ ಅಪ್ಪ ಕೂಗಿದ. ಮಂಡಿಯಲ್ಲಿ ದಿನಕ್ಕೆ ನೂರು ಸಲ ಕೂಗೋ ಮಾತು ಅದು, ಅವತ್ತು ಎರಡೆರಡು ಸಲ ಕೂಗಿದ.

ಪೂಜಾರಿ ಒಂದು ಗಿಟುಕು ಒಡೆದು ಮೊದಲ ಚೂರನ್ನ ಪ್ರಸಾದ ಅಂತ ಅವ್ವನ ಕೈಗೆ ಕೊಟ್ಟರು. ಅವ್ವ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಅಪ್ಪನೂ ನಾನೂ ಅವಳ ಬಾಯನ್ನೇ ನೋಡ್ತಿದ್ವಿ. ನುಂಗಿದ ಮೇಲೆ ಅಪ್ಪನ ಕಡೆ ತಿರುಗಿ, ಯಾರಿಗೂ ಕೇಳದ ಹಾಗೆ ಹೇಳಿದಳು.

"ಸ್ವಲ್ಪ ಮುಗ್ಗಲು ಕಣ್ರೀ."

"ಮುಗ್ಗಲಾ! ನನ್ನ ಕೊಬ್ಬರೀನಾ!" ಅಂತ ಅಪ್ಪ ಊರಿಗೆಲ್ಲ ಕೇಳೋ ಹಾಗೆ ಕಿರುಚಿದ. "ಅದು ನಿಮ್ಮೂರೋರು ತಂದಿದ್ದಿರ್ಬೇಕು ಕಣೇ!" ಅವ್ವ ನಗ್ತಾ ಇನ್ನೊಂದು ಚೂರಿಗೆ ಕೈ ಚಾಚಿದಳು.

ಗುರುಬಲ ಏನಾಯ್ತು ಅಂತೀರಾ? ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟುಹೋಯ್ತು. ಆ ವರ್ಷ ಮದುವೆ ಆಗಲಿಲ್ಲ. ಎಂಬತ್ತನೇ ಇಸವಿ ಹೊತ್ತಿಗೆ ತರೀಕೆರೆಯವರೇ ಒಬ್ಬರು, ಪಕ್ಕದಲ್ಲಿ ನಿಂತರೆ ಪಕ್ಕಾ ಲಘು, ಉಪ್ಪಿಟ್ಟು ತಿಂದವರು ಊರಿಗೆ ಹೋಗೋಕೆ ಮುಂಚೆಯೇ ಒಪ್ಪಿಗೆ ಅಂದುಬಿಟ್ಟರು. ಅವ್ವ ಅದನ್ನೂ ವೀರಭದ್ರಸ್ವಾಮಿಯ ಖಾತೆಗೇ ಜಮಾ ಮಾಡಿದಳು, ನಾನು ತಕರಾರು ತೆಗೆಯಲಿಲ್ಲ.

ಮದುವೆಯಾದ ವರ್ಷ ಸಂಕ್ರಾಂತಿಗೆ ತರೀಕೆರೆಯಿಂದ ಕಡೂರಿಗೆ ಬಂದೆ. ಬೀರೂರಲ್ಲಿ ಗಾಡಿ ಬದಲಾಯಿಸೋ ಹೊತ್ತಲ್ಲಿ ಹಳೇ ಚಟಕ್ಕೆ ಮಿಷನ್ ಹತ್ತಿದೆ. ಎಂಬತ್ತೆರಡು ಕೆಜಿ ಅಂತ ಉಗುಳಿತು. ಜೋಲುಮುಖ ಹೊತ್ತು ಮನೆಗೆ ಬಂದರೆ ಅವ್ವ ಎಳ್ಳಿನ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಳೆ. ನನ್ನನ್ನ ನೋಡಿದ್ದೇ ತಡ, ತನ್ನ ಬಟ್ಟಲಿನಿಂದ ಕೊಬ್ಬರಿ ಚೂರು ಆರಿಸೋಕೆ ಶುರು ಮಾಡಿದಳು. "ಹರಕೆ ತೀರ್ತಲ್ಲವ್ವ, ಇನ್ನಾದ್ರೂ ನೀನು ತಿನ್ನು" ಅಂದೆ. ಅವ್ವ ಒಂದು ಚೂರು ತನ್ನ ಬಾಯಿಗೆ ಹಾಕಿಕೊಂಡಳು, ಉಳಿದದ್ದನ್ನ ಹಿಡಿದು ನನ್ನನ್ನ ಮೇಲಿಂದ ಕೆಳಗಿನ ತನಕ ನೋಡಿದಳು.

"ತಿನ್ನೇ ಸುಮ್ನೆ. ಎಷ್ಟು ಸೊರಗಿಹೋಗಿದ್ದೀಯ!"

ಯಾವ ಗ್ರಹದ ಮೇಲೆ ಕೂತು ನೋಡ್ತಿದ್ದೀಯವ್ವ ಅಂತ ನಾನು ಕೇಳಲಿಲ್ಲ. ಅಂಗೈ ಒಡ್ಡಿದೆ.